ಸಹಾಯ ಬೇಕು: ವಿದೇಶದ ಜೊತೆ ಒಪ್ಪಂದ ಆದಾಗ ರಾಜ್ಯಗಳ ಮಾತು ನಡೆಯಲ್ವಾ?

ಎಲ್ಲರಿಗೂ ನಮಸ್ಕಾರ. ಸೆಮಿನಾರಿಗೆ ಸಂವಿಧಾನದ 253ನೇ ವಿಧಿ ಓದುತ್ತಿದ್ದೇನೆ. ಕೃಷಿ ರಾಜ್ಯಪಟ್ಟಿಯಲ್ಲಿದೆ (ಅಂದರೆ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿ), ಸರಿ. ಆದರೆ ವಿದೇಶದ ಜೊತೆ ಒಪ್ಪಂದ ಆಗಿದ್ದರೆ ಅದನ್ನು ಜಾರಿ ಮಾಡಲು ಸಂಸತ್ತು ಆ ಪಟ್ಟಿಯ ವಿಷಯಗಳ ಮೇಲೂ ಕಾನೂನು ಮಾಡಬಹುದು, ರಾಜ್ಯಗಳನ್ನು ಕೇಳಲೇಬೇಕು ಅಂತೇನೂ ಇಲ್ಲ. ಹಾಗಾದ್ರೆ ಪಟ್ಟಿ ಇರೋದು ಸುಮ್ನೆನಾ?

ನಿಜವಾಗಿ ತಲೆ ಕೆಡಿಸಿರೋದು ಇನ್ನೊಂದು. ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬೇರುಬಾರಿ ಎಂಬ ಪ್ರದೇಶದ ಅರ್ಧ ಭಾಗವನ್ನು ಒಪ್ಪಂದದಂತೆ ಪಾಕಿಸ್ತಾನಕ್ಕೆ ಕೊಡಬೇಕಾದರೆ ಸಂವಿಧಾನ ತಿದ್ದುಪಡಿ ಆಗಲೇಬೇಕು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1969ರಲ್ಲಿ ಗುಜರಾತಿನ ರಣ್ ಆಫ್ ಕಛ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಗಡಿ ವಿಷಯದಲ್ಲಿ ಅದೇ ಕೋರ್ಟ್ ತಿದ್ದುಪಡಿ ಬೇಡ ಎಂದಿತು. ನೆಲ ಬಿಟ್ಟುಕೊಡೋದು ಬೇರೆ, ಜಗಳದ ಗಡಿಯನ್ನು ಗುರುತಿಸೋದು ಬೇರೆ, ಅಷ್ಟು ಗೊತ್ತಾಯ್ತು. ಆದರೆ ಯಾವುದು ಯಾವುದು ಅಂತ ತೀರ್ಮಾನಿಸೋದು ಹೇಗೆ? ಕಾನೂನು ಓದಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ? ತೀರ್ಪಿನ ಯಾವ ಭಾಗ ಓದಬೇಕು ಅಂದರೂ ಸಾಕು.