ನಿನ್ನಷ್ಟಕ್ಕೆ ನೀನೇ ಗುಳಿಗೆ ಬಿಡಬೇಡ

ಮಗಳೇ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ, ನಲ್ಲಿ ನೀರು ಬಂದಿತ್ತು. ಮನಸ್ಸಿನ ಗಾಬರಿಗೆ ಡಾಕ್ಟರ್ ಬರೆದ ಎಸ್ಸಿಟಾಲೋಪ್ರಾಮ್ ಗುಳಿಗೆ ಶುರು ಮಾಡಿ ಎಂಟು ದಿನ ಆಯ್ತು, ವಾಕರಿಕೆ ಬರುತ್ತೆ, ಎದೆ ಹೊಡೆತ ಮೊದಲಿಗಿಂತ ಜಾಸ್ತಿ ಆಗಿದೆ, ನಾಳೆಯಿಂದ ಬಿಟ್ಟುಬಿಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬಿಡಬೇಡ. ನಿನ್ನಷ್ಟಕ್ಕೆ ನೀನೇ ತಟ್ಟನೆ ಬಿಡಬೇಡ. ನನಗೆ ಟೈಪ್ ಮಾಡುವುದು ಆಗುವುದಿಲ್ಲ, ಅದಕ್ಕೆ ಮಾತಾಡುತ್ತಿದ್ದೇನೆ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ.

ನನ್ನ ಕಥೆ ನಿಮ್ಮ ಅಪ್ಪನಿಗೆ, ಚಿಕ್ಕಪ್ಪಂದಿರಿಗೆ ಎಲ್ಲ ಗೊತ್ತೇ ಇದೆ. ಆಗ ಮನೆಯಲ್ಲೇ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದೆ. ರಾಶಿ ಮುಂದೆ ಕೂತರೆ ಕೈ ನಡುಗುತ್ತಿತ್ತು, ಎರಡು ಸಲ ದಾರದ ಬದಲು ಹೊಲಿಗೆಯನ್ನೇ ಕತ್ತರಿಸಿ ಬೈಸಿಕೊಂಡೆ. ರಾತ್ರಿ ಆದರೆ ಎದೆ ಡವಡವ, ಇವತ್ತಿಗೆ ನನ್ನದು ಮುಗಿಯಿತು ಅನ್ನಿಸುತ್ತಿತ್ತು. ಎರಡು ಸಲ ಇಸಿಜಿ ಮಾಡಿಸಿದರು, ಏನೂ ಇಲ್ಲ. ಕೊನೆಗೆ ನಿಮ್ಮ ದೊಡ್ಡಪ್ಪ ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಪ್ಯಾರಾಕ್ಸಿಟಿನ್ ಬರೆದರು. ಹೆಸರು ಬೇರೆ, ನಿನ್ನ ಗುಳಿಗೆಯ ಜಾತಿಯದ್ದೇ. ಮೊದಲ ಹತ್ತು ದಿನ ನನಗೂ ನಿನ್ನ ಹಾಗೇ, ಹಂಚಿನ ಮೇಲೆ ರೊಟ್ಟಿ ವಾಸನೆ ಬಂದರೆ ಸಾಕು ಹೊಟ್ಟೆ ತೊಳಸುತ್ತಿತ್ತು. ಮೂರು ವಾರ ದಾಟಿದ ಮೇಲೆ ಒಂದು ಸಂಜೆ ನೋಡುತ್ತೇನೆ, ಪ್ಯಾಂಟಿನ ರಾಶಿ ಪೂರ್ತಿ ಮುಗಿದಿದೆ, ಎದೆಯ ನೆನಪೇ ಬಂದಿಲ್ಲ.

ಅಲ್ಲೇ ನಾನು ಕೆಟ್ಟಿದ್ದು. ನಾಲ್ಕನೇ ತಿಂಗಳಿಗೆ ಗಟ್ಟಿಯಾದೆ, ಗುಳಿಗೆ ಮುಗಿಯಿತು, ಮತ್ತೆ ತರಲಿಲ್ಲ. ಆರಾಮ ಆದವಳಿಗೆ ಗುಳಿಗೆ ಯಾಕೆ ಅಂತ. 2014ರ ಗವಿಮಠದ ಜಾತ್ರೆಗೆ ಎಲ್ಲರ ಜೊತೆ ಹೊರಟಿದ್ದೆ, ಅವರ ಮುಂದೆ ನುಂಗಬೇಕಲ್ಲ ಅನ್ನೋ ನಾಚಿಕೆ ಬೇರೆ. ಬಿಟ್ಟು ಮೂರು ದಿನ ಆಗಿತ್ತು. ಬಳ್ಳಾರಿಯಿಂದ ರೈಲು ಹತ್ತಿದೆವು, ಹೊಸಪೇಟೆ ದಾಟುವಾಗ ಶುರು ಆಯ್ತು ನೋಡು, ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಂ ಅನ್ನುತ್ತಿತ್ತು. ಕೊಪ್ಪಳದಲ್ಲಿ ಇಳಿದರೆ ನೆಲವೇ ಓಲಾಡುತ್ತಿದೆ. ಜನ ಎಲ್ಲ ತೇರಿಗೆ ಉತ್ತತ್ತಿ ಎಸೆಯುತ್ತಿದ್ದಾರೆ, ನಾನು ಚಪ್ಪಲಿ ರಾಶಿ ಪಕ್ಕ ಕೂತು ಅಳುತ್ತಿದ್ದೇನೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಯಾರೋ ಒಬ್ಬಾಕೆ ಮೈಮೇಲೆ ದೇವರು ಬಂದಿದೆ ಅಂದುಕೊಂಡು ಹಣೆಗೆ ವಿಭೂತಿ ಹಚ್ಚಿ ಕೈ ಮುಗಿದು ಹೋದಳು!

ವಾಪಸ್ ಬಂದ ಮೇಲೆ ಡಾಕ್ಟರ್ ಹತ್ತಿರ ಬೈಸಿಕೊಂಡೆ. ಇದು ಚಟ ಹಿಡಿಸುವ ಗುಳಿಗೆ ಅಲ್ಲಮ್ಮ, ಆದರೆ ಮೈ ಇದಕ್ಕೆ ಒಗ್ಗಿರುತ್ತದೆ, ಒಮ್ಮೆಲೇ ಕಿತ್ತರೆ ಹೀಗೇ ಆಗುವುದು ಅಂದರು. ಮತ್ತೆ ಶುರು ಮಾಡಿಸಿ, ಒಂದು ವರ್ಷ ಆದ ಮೇಲೆ ಅವರೇ ಸ್ವಲ್ಪ ಸ್ವಲ್ಪ ಇಳಿಸುತ್ತ ನಾಲ್ಕು ತಿಂಗಳಲ್ಲಿ ಬಿಡಿಸಿದರು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ತಟ್ಟನೆ ಬಿಡಬೇಡ.

ಗರ್ಭಕೋಶದ ಆಪರೇಷನ್ ಆದಾಗ ಎಷ್ಟು ಜನ ಬಂದಿದ್ದಿರಿ, ಎಳನೀರು ಇಡಲು ಜಾಗ ಇರಲಿಲ್ಲ. ಇದಕ್ಕೆ ಮಾತ್ರ ಒಬ್ಬರೂ ಬರಲಿಲ್ಲ. ಹುಚ್ಚಿನ ಗುಳಿಗೆ ಅಂದವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳುತ್ತಲೂ ಇರಬಹುದು, ಹೆಸರು ಹೇಳಲ್ಲ. ನಿಶ್ಚಿತಾರ್ಥದ ದಿನ, ಬೀಗರು ಬರುತ್ತಾರೆ, ಅದನ್ನು ಎಲ್ಲಾದರೂ ಒಳಗೆ ಇಡಕ್ಕ ಅಂದರು. ಅಕ್ಕಿ ಡಬ್ಬಿಯಲ್ಲಿ ಇಟ್ಟೆ, ಇನ್ನೇನು ಮಾಡಲಿ. ಅವರ ಶುಗರ್ ಗುಳಿಗೆ ಮಾತ್ರ ಟಿವಿ ಮೇಲೆ! 1985ರಲ್ಲೇ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಗೆ ಬಂದು ಹಳ್ಳಿ ಆಸ್ಪತ್ರೆ ಡಾಕ್ಟರುಗಳಿಗೆ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿದ್ದರಂತೆ, ಅದನ್ನು ನೋಡಿಯೇ 1996ರಲ್ಲಿ ಸರ್ಕಾರ ದೇಶದ ಬೇರೆ ಜಿಲ್ಲೆಗಳಿಗೂ ತಂದಿದ್ದು. ಅಷ್ಟು ದೂರ ಹೋದದ್ದು ನಮ್ಮ ಮನೆ ಹೊಸ್ತಿಲು ದಾಟಲಿಲ್ಲ. ಇರಲಿ ಬಿಡು.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡು, ಮುಂದಿನ ಭೇಟಿ ತನಕ ಕಾಯಬೇಡ. ಎದೆ ಹೊಡೆತ, ವಾಕರಿಕೆ ಎರಡನ್ನೂ ಹೇಳು. ಡೋಸ್ ಕಡಿಮೆ ಮಾಡುವುದೋ, ಹೊತ್ತು ಬದಲಿಸುವುದೋ ಅವರು ನೋಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಒಮ್ಮೊಮ್ಮೆ ಇನ್ನೂ ಜಾಸ್ತಿ, ಮೊದಲ ದಿನಗಳಲ್ಲಿ ಗಾಬರಿ ಹೆಚ್ಚಾಗುವುದೂ ಉಂಟು. ನನಗಂತೂ ತಿಂಡಿ ಆದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ ಇರುತ್ತಿತ್ತು. ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತರುವುದಿದ್ದರೆ ಅದನ್ನೂ ಡಾಕ್ಟರಿಗೆ ಕೇಳಿಯೇ ತಗೋ.

ಮತ್ತೆ ಕೂಸೇ, ಬದುಕೇ ಬೇಡ ಅನ್ನೋ ಯೋಚನೆ ಏನಾದರೂ ಬಂದರೆ ಒಬ್ಬಳೇ ಇರಬೇಡ, ತಕ್ಷಣ ಅಮ್ಮನಿಗೆ ಹೇಳಿ ಆಸ್ಪತ್ರೆಗೆ ಹೋಗು. 14416 ಅಂತ ಟೆಲಿ ಮಾನಸ್ ನಂಬರ್ ಇದೆ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ್ ಏನಂದರು ಅಂತ ಸಂಜೆ ನನಗೆ ಫೋನ್ ಮಾಡು. ಕುಕ್ಕರ್ ನಾಲ್ಕನೇ ಸಲ ಕೂಗಿತು, ಇಡುತ್ತೇನೆ.