ಸುಮಾಳಿಗೆ ದೊಡ್ಡಮ್ಮನ ಉತ್ತರ: ನೀಲಿ ಗೆರೆಯನ್ನು ನಂಬಬೇಡ

ಸುಮಾ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ ನೋಡಿದೆ. ನಿನ್ನ ಐದನೇ ತರಗತಿಯ 38 ಮಕ್ಕಳಲ್ಲಿ 9 ಮಕ್ಕಳ ಮನೆಯವರು ಮಾತ್ರ ಶನಿವಾರದ ಪೋಷಕರ ಸಭೆಗೆ ಬಂದರು, ವಾಟ್ಸಾಪ್‌ನಲ್ಲಿ ಎಷ್ಟು ತಿಳಿಸಿದರೂ ನೋಡಿದ ಗುರುತಿನ ನೀಲಿ ಗೆರೆ ಬೀಳುತ್ತದೆಯೇ ಹೊರತು ಒಬ್ಬರೂ ಉತ್ತರಿಸುವುದಿಲ್ಲ, ಇವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲವೇನೋ, ಮುಖ್ಯ ಶಿಕ್ಷಕರಿಗೆ ಏನೆಂದು ಹೇಳಲಿ ಎಂದು ಕೇಳಿದ್ದೀಯ. ನಿಮ್ಮ ಚಿಕ್ಕಪ್ಪ ಅದಕ್ಕೆ ‘ಈಗಿನ ಕಾಲದ ಪೋಷಕರೇ ಹಾಗಮ್ಮ’ ಎಂದು ಬರೆದು ಕೈಮುಗಿದ ಚಿತ್ರ ಹಾಕಿ ಮುಗಿಸಿಬಿಟ್ಟಿದ್ದಾರೆ. ಅದು ಉತ್ತರವಲ್ಲ. ಅಷ್ಟು ಸಣ್ಣ ಅಕ್ಷರಗಳನ್ನು ಒತ್ತಿ ಬರೆಯುವುದು ನನಗೆ ಆಗದ ಕೆಲಸವಾದ್ದರಿಂದ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾಯಿತು ಎನ್ನುವವರು ತರಕಾರಿ ಹೆಚ್ಚುತ್ತಾ ಕೇಳಿರಿ.

ಮೊದಲು ನಮ್ಮ ಮೊಮ್ಮಗ ಚಿನ್ಮಯನ ವಿಷಯವನ್ನು ನೆನಪಿಸಿಕೊಳ್ಳಿ. ಅವನೂ ಆಗ ಐದನೇ ತರಗತಿ. ಅವನ ಅಪ್ಪ ರವಿ ಆ ವರ್ಷ ಪುಣೆಯಲ್ಲಿದ್ದ. ಅಮ್ಮ ವಿದ್ಯಾಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ ಕೆಲಸ. ಮಗುವನ್ನು ಶಾಲೆಗೆ ಬಿಡುವುದು, ಕರೆತರುವುದು, ಸಂಜೆ ಪುಸ್ತಕ ತೆಗೆಸಿ ಕೂರಿಸುವುದು ಎಲ್ಲವೂ ನನ್ನ ಪಾಲಿಗಿತ್ತು. ಶಾಲೆಯ ಹೆಸರು ಇಲ್ಲಿ ಬೇಡ, ಗೊತ್ತಿರುವವರಿಗೆ ಗೊತ್ತಿದೆ. ಆ ಶಾಲೆಯವರು ಡೈರಿಯಲ್ಲಿ ಬರೆಯುವುದನ್ನು ನಿಲ್ಲಿಸಿ ಎಲ್ಲವನ್ನೂ ಒಂದು ಆ್ಯಪ್‌ಗೆ ಹಾಕಿದ್ದರು, ಮತ್ತು ಆ ಆ್ಯಪ್ ಇದ್ದದ್ದು ಪುಣೆಯಲ್ಲಿದ್ದ ರವಿಯ ಫೋನಿನಲ್ಲಿ. ಜೂನ್ ತಿಂಗಳಿನಿಂದಲೇ ಅದರಲ್ಲಿ ತರಗತಿಯ ಶಿಕ್ಷಕಿ ಮೇಲಿಂದ ಮೇಲೆ ಬರೆಯುತ್ತಿದ್ದರಂತೆ: ಬೋರ್ಡಿನ ಮೇಲಿನದ್ದನ್ನು ಪೂರ್ತಿಯಾಗಿ ಬರೆದುಕೊಳ್ಳುತ್ತಿಲ್ಲ, ಪಕ್ಕದವನ ಪುಸ್ತಕ ನೋಡುತ್ತಾನೆ, ಗಮನ ಕಡಿಮೆಯಾಗಿದೆ, ಎಂದು. ರವಿ ಫೀಸು ಕಟ್ಟಲೆಂದು ಆ ಆ್ಯಪ್ ತೆರೆದಾಗಲೆಲ್ಲ ಅಲ್ಲಿದ್ದ ಎಲ್ಲ ಸೂಚನೆಗಳ ಪಕ್ಕದಲ್ಲೂ ‘ನೋಡಲಾಗಿದೆ’ ಎಂಬ ಗುರುತು ಬೀಳುತ್ತಿತ್ತು.

ದಸರಾ ರಜೆಯಲ್ಲಿ ಒಂದು ದಿನ ಅವನನ್ನು ಕರೆದುಕೊಂಡು ಮಲ್ಲೇಶ್ವರಕ್ಕೆ ಹೋಗಲು ನವರಂಗ್ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ನನ್ನ ಕನ್ನಡಕ ಚೀಲದಲ್ಲಿತ್ತು, ಬರುತ್ತಿರುವ ಬಸ್ಸಿನ ನಂಬರು ಯಾವುದು ನೋಡೋ ಎಂದೆ. ‘ಇನ್ನೂ ಹತ್ತಿರ ಬರಲಿ ಅಜ್ಜಿ’ ಎಂದ. ಬಸ್ಸು ಎದುರಿಗೇ ಬಂದು ನಿಂತ ಮೇಲೂ ಅವನು ಕಣ್ಣು ಕಿರಿದು ಮಾಡಿಕೊಂಡೇ ಓದಿದ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಎರಡೂ ಕಣ್ಣಿಗೆ ಮೈನಸ್ ಎರಡರ ಕನ್ನಡಕ ಬೇಕು, ಅಂದರೆ ಅರ್ಧ ಮೀಟರಿನಾಚೆಗಿನದ್ದೆಲ್ಲ ಈ ಹುಡುಗನಿಗೆ ಮಸುಕು, ಎಂದರು. ಬೋರ್ಡು ಕಾಣದ ಹುಡುಗ ಪಕ್ಕದವನ ಪುಸ್ತಕವನ್ನಲ್ಲದೆ ಇನ್ನೇನನ್ನು ನೋಡಿಯಾನು? ರಜೆ ಮುಗಿದ ಮೇಲೆ ನಾನೂ ವಿದ್ಯಾಳೂ ಶಾಲೆಗೆ ಹೋದಾಗ ಆ ಶಿಕ್ಷಕಿ ತಮ್ಮ ಫೋನನ್ನೇ ತೆಗೆದು ತೋರಿಸಿ, ನಾವು ತಿಳಿಸುತ್ತಲೇ ಇದ್ದೆವು, ನೀವು ನೋಡಿರುವ ಗುರುತೂ ಇಲ್ಲಿದೆಯಲ್ಲ, ಎಂದರು. ಆಕೆ ಸುಳ್ಳು ಹೇಳಲಿಲ್ಲ. ಆದರೂ ಮೂರ್ನಾಲ್ಕು ತಿಂಗಳ ಪಾಠ ಆ ಹುಡುಗನಿಗೆ ಕಾಣದೆಯೇ ಹೋಯಿತು.

ಆದ್ದರಿಂದ ಸುಮಾ, ನೀಲಿ ಗೆರೆಯನ್ನು ನಂಬಬೇಡ. ಗೆರೆ ಬಿದ್ದಿತೆಂದರೆ ಯಾರದೋ ಬೆರಳು ಆ ಫೋನಿನ ಮೇಲೆ ಆಡಿತು ಎಂದಷ್ಟೇ ಅರ್ಥ, ಮಗುವನ್ನು ನೋಡಿಕೊಳ್ಳುವವರಿಗೆ ವಿಷಯ ಮುಟ್ಟಿತು ಎಂದಲ್ಲ.

ನನಗೆ ಇಂದಿಗೂ ಹೊಟ್ಟೆ ಉರಿಯುವುದು ಆ ಆ್ಯಪ್‌ನಿಂದಲ್ಲ. ಆ ಶಿಕ್ಷಕಿಯೇ ಪ್ರತಿದಿನ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನಿಂತು, ನಗುನಗುತ್ತಾ ಚಿನ್ಮಯನ ಕೈಯನ್ನು ನನ್ನ ಕೈಗೆ ಕೊಡುತ್ತಿದ್ದರು. ‘ಅಜ್ಜಿ, ಇವನು ಬೋರ್ಡ್ ನೋಡಿ ಬರೆಯುತ್ತಿಲ್ಲ’ ಎಂಬ ಒಂದು ಮಾತು ಅಲ್ಲಿ ಬಂದಿದ್ದರೆ ನಾನು ಆ ವಾರವೇ ಕಣ್ಣು ತೋರಿಸುತ್ತಿದ್ದೆ, ಏಕೆಂದರೆ ನಾನೂ ಜೀವಮಾನವೆಲ್ಲ ಬೋರ್ಡಿನ ಮುಂದೆ ನಿಂತವಳೇ. ಆದರೆ ಅವರ ಪಟ್ಟಿಯಲ್ಲಿ ನಾನು ಇರಲಿಲ್ಲ. ಜುಲೈ ತಿಂಗಳಿನ ಸಭೆಗೆ ಹೋದಾಗ ಬಾಗಿಲಲ್ಲೇ ತಡೆದು, ತಂದೆ ಅಥವಾ ತಾಯಿ ಮಾತ್ರ ಬರಬೇಕು ಎಂದು ಹೇಳಿ ವಾಪಸು ಕಳುಹಿಸಿದ್ದರು. ಈ ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯದೆ ಬಾಡಿಗೆ ಕಟ್ಟಲಾಗದು ಎಂದು ಎಲ್ಲರಿಗೂ ಗೊತ್ತು. ಅಂಥ ಮನೆಗಳಲ್ಲಿ ಊಟ ಹಾಕಿ, ಪಾಠ ಓದಿಸಿ, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಅಜ್ಜಿಯೋ, ಅತ್ತೆಯೋ, ಒಡಹುಟ್ಟಿದ ಅಕ್ಕನೋ ಆಗಿರುತ್ತಾರೆ. ಶಾಲೆಯಿಂದ ಕರೆದುಕೊಂಡು ಬರಲು ನಾವು ಬೇಕು, ಮಾತನಾಡಲು ಮಾತ್ರ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಮಗುವಿನ ಪಾಲನೆ ಮತ್ತು ರಕ್ಷಣೆ ಯಾರ ಕೈಯಲ್ಲಿದೆಯೋ ಅವರನ್ನು ಪೋಷಕರೆಂದು ಕರೆಯುತ್ತದೆ. ಗೇಟಿನ ಬಳಿ ನಿಂತವರಿಗೆ ಅದನ್ನು ಓದಿ ಹೇಳುವವರು ಯಾರು? ಹೋಗಲಿ, ಈ ವಿಷಯ ಎತ್ತಿದರೆ ನನಗೆ ರಕ್ತದೊತ್ತಡ ಏರುತ್ತದೆ ಎಂದು ವಿದ್ಯಾ ಈಗಲೂ ಗದರುತ್ತಾಳೆ.

ಇನ್ನು ನಿನ್ನ ಶಾಲೆಯ ಮಾತು. ಲಗ್ಗೆರೆಯ ಆ ಬೀದಿಗಳನ್ನು ನಾನು ಬಲ್ಲೆ. ತಾಯಂದಿರಲ್ಲಿ ಹೆಚ್ಚಿನವರು ಪೀಣ್ಯದ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವವರು, ತಂದೆಯರು ಆಟೋ, ಗಾರೆ ಕೆಲಸ, ಲೇತ್ ಯಂತ್ರ ಎಂದು ಹೊರಟವರು; ಕೆಲವರು ರಾಯಚೂರು, ಯಾದಗಿರಿಯಿಂದ ಬಂದು ಕಟ್ಟಡದ ಶೆಡ್ಡುಗಳಲ್ಲಿ ಇರುವವರು. ನೀನು ಸಭೆಯನ್ನು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟೆ. ಶನಿವಾರ ನಿನಗೆ ಅರ್ಧ ದಿನ, ಗಾರ್ಮೆಂಟ್ಸ್‌ನವರಿಗೆ ಪೂರ್ತಿ ದಿನ. ಆ ಹೊತ್ತಿಗೆ ಬರಬೇಕಾದರೆ ಅವರು ಕೂಲಿ ಕಳೆದುಕೊಳ್ಳಬೇಕು, ಸೂಪರ್‌ವೈಸರನ ಬೈಗುಳವನ್ನೂ ತಿನ್ನಬೇಕು. ಬಂದ 9 ಮಂದಿಗೆ ನೀನು ಮೊದಲು ಧನ್ಯವಾದ ಹೇಳು. ಬಾರದ 29 ಮಂದಿಯನ್ನು ಆಸಕ್ತಿ ಇಲ್ಲದವರು ಎಂದು ಇನ್ನೊಮ್ಮೆ ಹೇಳಬೇಡ. ಫೋನಿನ ಕಥೆಯೂ ಅಷ್ಟೇ. ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದು ಬೆಳಿಗ್ಗೆ ತಂದೆಯ ಜೇಬಿನಲ್ಲಿ ಹೊರಟುಹೋಗುತ್ತದೆ, ಸಂಜೆ ಬಂದ ಕೂಡಲೇ ಮಗುವಿನ ಕೈಗೆ ಸಿಗುತ್ತದೆ, ನೀನು ಹಾಕಿದ ಸೂಚನೆಯನ್ನು ತೆರೆಯುವುದು ಆ ಮಗುವೇ. ಹತ್ತು ಹನ್ನೊಂದು ವರ್ಷದ ಮಕ್ಕಳು ಶಾಲೆಯ ಸುದ್ದಿಯನ್ನು ಮನೆಗೆ ಸೋಸಿಯೇ ಕೊಡುತ್ತಾರೆ. ಒಂದರಿಂದ ಮೂರನೇ ತರಗತಿಯವರೆಗಿನ ನಲಿ ಕಲಿಯ ವಯಸ್ಸಿನಲ್ಲಿ ಓಡಿಬಂದು ಎಲ್ಲವನ್ನೂ ಒದರುತ್ತಿದ್ದ ಮಗು ಐದನೆಯದಕ್ಕೆ ಬರುವಷ್ಟರಲ್ಲಿ ಯಾವುದನ್ನು ಹೇಳಬಾರದು ಎಂಬುದನ್ನು ಕಲಿತುಬಿಟ್ಟಿರುತ್ತದೆ. ಅದೇ ಹೊತ್ತಿಗೆ ಭಿನ್ನರಾಶಿಯೂ ಬರುತ್ತದೆ, ಇಂಗ್ಲಿಷೂ ಕಷ್ಟವಾಗುತ್ತದೆ, ಏಳನೆಯದಕ್ಕೇ ಶಾಲೆ ಬಿಟ್ಟ ತಾಯಿ ‘ನನಗೇನು ತಿಳಿಯುತ್ತೆ, ಟೀಚರ್ ನೋಡಿಕೊಳ್ತಾರೆ’ ಎಂದು ಹಿಂದೆ ಸರಿಯುತ್ತಾಳೆ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ನೀಲಿ ಗೆರೆಯನ್ನು ನಂಬಬೇಡ, ನಮ್ಮ ಚಿನ್ಮಯನನ್ನು ನೆನಪಿಟ್ಟುಕೋ.

2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ನಿಮ್ಮನ್ನೇ ಮನೆಮನೆಗೆ ಕಳುಹಿಸಿದರಲ್ಲ, ಅದೇ ಶಿಕ್ಷಕರನ್ನು ಅವರವರ ತರಗತಿಯ ಮಕ್ಕಳ ಮನೆಗೆ ಒಂದು ಮಧ್ಯಾಹ್ನ ಹೋಗಿಬನ್ನಿ ಎಂದು ಯಾರೂ ಕಳುಹಿಸುವುದಿಲ್ಲ. ಇರಲಿ, ಅದು ನಿನ್ನ ಕೈಯಲ್ಲಿಲ್ಲ.

ಅಯ್ಯೋ, ನೀನು ಕೇಳಿದ್ದು ಏನು ಮಾಡಬೇಕು ಎಂದಲ್ಲವೇ. ನಾಳೆ ತರಗತಿಯಲ್ಲಿ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಂದೊಂದು ಮಗುವನ್ನೂ ಹತ್ತಿರ ಕರೆದು ಕೇಳು: ನೀನು ಮನೆಗೆ ಹೋದಾಗ ಯಾರು ಇರುತ್ತಾರೆ, ರಾತ್ರಿ ಯಾರ ಪಕ್ಕದಲ್ಲಿ ಕೂತು ಬರೆಯುತ್ತೀಯ, ಅವರು ಯಾವ ಭಾಷೆ ಮಾತನಾಡುತ್ತಾರೆ, ಎಷ್ಟು ಹೊತ್ತಿಗೆ ಫೋನು ಸಿಗುತ್ತದೆ. ಅದನ್ನೆಲ್ಲ ಹೆಸರಿನ ಎದುರಿಗೆ ಬರೆದುಕೋ. ದಿನಕ್ಕೆ ಇಬ್ಬರು ಮೂವರಿಗೆ ಸಂಜೆ ಏಳರ ಮೇಲೆ ಫೋನು ಮಾಡು, ಮತ್ತು ಮೊದಲ ಫೋನಿನಲ್ಲಿ ದೂರನ್ನು ಎತ್ತಲೇಬೇಡ. ಮಗು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೇಳಿ ಇಟ್ಟುಬಿಡು. ಟೀಚರ್ ಫೋನು ಬಂದರೆ ಎದೆ ಧಸಕ್ ಎನ್ನುವವರು ಎರಡನೇ ಸಲ ಎತ್ತಬೇಕಲ್ಲ. ಮುಖ್ಯವಾದ ವಿಷಯವಾಗಿದ್ದರೆ, ‘ನಾನು ಏನು ಹೇಳಿದೆ, ನೀವೊಮ್ಮೆ ಹೇಳಿ ಅಮ್ಮ’ ಎಂದು ಅವರ ಬಾಯಿಂದಲೇ ಕೇಳಿಕೋ. ತೆಲುಗು, ಉರ್ದು ಮನೆಗಳಿಗೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇರುವ ತಾಯಂದಿರ ಸಹಾಯ ತೆಗೆದುಕೋ. ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯ್ದೆ ಹೇಳುವುದು ಸಹಿ ಹಾಕಿಸಿಕೊಳ್ಳುವುದಕ್ಕಷ್ಟೇ ಅಲ್ಲ. ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ ಎಂದು ಅವರ ಮುಂದೆ ಓದಬೇಡ, ಬಿ ಪ್ಲಸ್ ಬಂದಿದೆ ಎಂದರೂ ಅವರಿಗೆ ಏನೂ ತಿಳಿಯದು. ಮಗುವಿನ ಗಣಿತದ ಪುಸ್ತಕವನ್ನು ತೆರೆದು ಜೂನ್ ತಿಂಗಳಿನ ಪುಟವನ್ನೂ ಈ ತಿಂಗಳಿನ ಪುಟವನ್ನೂ ಅಕ್ಕಪಕ್ಕ ತೋರಿಸು. ಆರೋಗ್ಯ ತಪಾಸಣೆಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಯಾವ ಮಗುವಿನ ಕಣ್ಣು ಸರಿಯಿಲ್ಲ ಎಂದು ಬರೆದುಕೊಡುತ್ತಾರೋ ಆ ಚೀಟಿಯನ್ನು ಮಾತ್ರ ಮಗುವಿನ ಚೀಲಕ್ಕೆ ಹಾಕಿ ಕಳುಹಿಸಬೇಡ, ದೊಡ್ಡವರ ಕೈಗೇ ಕೊಡು.

ಮುಂದಿನ ಸಭೆಯನ್ನು ಭಾನುವಾರ ಬೆಳಿಗ್ಗೆಯೋ, ವಾರದ ದಿನವಾದರೆ ಸಂಜೆ ಆರೂವರೆಗೋ ಇಡು, ಚೀಟಿಯಲ್ಲಿ ‘ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರಾದರೂ ಬರಬಹುದು’ ಎಂದು ದಪ್ಪಕ್ಷರದಲ್ಲಿ ಬರೆ. ಮುಖ್ಯ ಶಿಕ್ಷಕರು ಕೊಸರಾಡಿದರೆ ಕಾಯ್ದೆಯ 24ನೇ ಪ್ರಕರಣವನ್ನು ತೋರಿಸು. ಪೋಷಕರ ಸಭೆಯನ್ನು ಕ್ರಮವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅಲ್ಲಿದೆ. ಬೆಳಿಗ್ಗೆ ಹನ್ನೊಂದಕ್ಕೇ ತಿಳಿಸಬೇಕು ಎಂದು ಎಲ್ಲಿಯೂ ಇಲ್ಲ.