ಡಿಲೈಟ್ ಪದದೊಳಗೆ ಬೆಳಕು ಇದೆಯಾ?

ಪದಹುಡುಕಿ (ಪ್ರಶ್ನೆ):
ಮಕ್ಕಳ ಕಥೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮೊಮ್ಮಗಳು ಬರೆದ ಚಿತ್ರ ನೋಡಿ ಅಜ್ಜಿಗೆ ‘ಡಿಲೈಟ್’ (ತುಂಬಾ ಖುಷಿ) ಆಯಿತು ಅಂತ ಒಂದು ಸಾಲಿದೆ. ಪದದೊಳಗೆ ‘ಲೈಟ್’ ಕಾಣಿಸಿತು. ‘ಅಜ್ಜಿಯ ಮುಖದಲ್ಲಿ ಬೆಳಕು ತುಂಬಿತು’ ಎಂದು ಬರೆದೆ. ಎರಡು ದಿನ ಆ ಸಾಲನ್ನೇ ಮತ್ತೆ ಮತ್ತೆ ಓದಿಕೊಂಡೆ, ಅಷ್ಟು ಇಷ್ಟವಾಗಿತ್ತು. ನಿನ್ನೆ ಗೆಳತಿಯೊಬ್ಬಳು ಓದಿ, ‘ಆ ಪದಕ್ಕೂ ಬೆಳಕಿಗೂ ನಂಟೇ ಇಲ್ಲ’ ಎಂದಳು. ಹಾಗಾದರೆ ಸ್ಪೆಲಿಂಗ್ ಒಂದೇ ಯಾಕೆ? ‘ಎಂಜಾಯ್’ಗೂ ಇದಕ್ಕೂ ಏನು ವ್ಯತ್ಯಾಸ?

ಹಳೆಗನ್ನಡಿ:
ನಿಮ್ಮ ಗೆಳತಿ ಹೇಳಿದ್ದು ಸರಿ. ಈ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಆಗ ಅದು ‘ಡೆಲಿಟ್’. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಬರೆದದ್ದೂ ಹಾಗೇ, ಸ್ಪೆಲಿಂಗಿನಲ್ಲಿ ಜಿ-ಎಚ್ (gh) ಅಕ್ಷರಗಳಿಲ್ಲದೆ. 16ನೇ ಶತಮಾನದಲ್ಲಿ ಜನ ಲೈಟ್, ಫ್ಲೈಟ್ ನೋಡಿ ಇದಕ್ಕೂ ಜಿ-ಎಚ್ ಸೇರಿಸಿದರು. ‘ಲೈಟ್’ನಲ್ಲಿ ಆ ಅಕ್ಷರಗಳಿಗೆ ಕಾರಣ ಇದೆ. ಹಿಂದೆ ಅಲ್ಲಿ ಗಂಟಲಿನಿಂದ ಬರುವ ಒಂದು ಸದ್ದು ಇತ್ತು. ಸದ್ದು ಹೋಯಿತು, ಅಕ್ಷರ ಉಳಿಯಿತು. ‘ಡಿಲೈಟ್’ನಲ್ಲಿ ಅಂಥ ಸದ್ದು ಯಾವತ್ತೂ ಇರಲಿಲ್ಲ. ‘ಸ್ಪ್ರೈಟ್ಲಿ’ (ಲವಲವಿಕೆಯ) ಪದದ ಜಿ-ಎಚ್ ಕೂಡ ಹೀಗೇ ಸುಮ್ನೆ ಬಂದು ಸೇರಿದ್ದು.

ಬೇರುಬಳ್ಳಿ:
ಬೆಳಕು ಹೋಯಿತೆಂದು ಬೇಜಾರು ಮಾಡಿಕೊಳ್ಳಬೇಡಿ. ಬೇರು ಇನ್ನೂ ಚೆನ್ನಾಗಿದೆ. ಲ್ಯಾಟಿನ್‌ನ ‘ಡೆಲೆಕ್ಟಾರೆ’ ಇದರ ಮೂಲ. ಅದಕ್ಕೂ ಹಿಂದೆ ಹೋದರೆ ‘ಲಾಕೆರೆ’ ಸಿಗುತ್ತದೆ. ಅಂದರೆ ಆಸೆ ತೋರಿಸಿ ಸೆಳೆಯುವುದು. ನಾವು ‘ಮನಸೆಳೆಯುವ ಹಾಡು’ ಎನ್ನುತ್ತೇವಲ್ಲ, ಅದೇ ಸೆಳೆತ! ಸಂತೋಷ ಒಳಗಿಂದ ಉಕ್ಕುವುದಕ್ಕೆ ಮೊದಲು ಹೊರಗಿನದೊಂದು ನಮ್ಮನ್ನು ಎಳೆದಿರುತ್ತದೆ. ನನಗೆ ಈ ಪದ ಹಿಡಿಸುವುದೇ ಇದಕ್ಕೆ. ‘ಡಿಲೀಶಿಯಸ್’ ಕೂಡ ಇದೇ ಮನೆಯ ಪದ. ಖುಷಿಗಾಗಿ ಕಲೆಯ ಹಿಂದೆ ಹೋಗುವವರಿಗೆ ಹೇಳುವ, ಇಟಾಲಿಯನ್‌ನಿಂದ ಬಂದ ‘ಡಿಲೆಟಾಂಟೆ’ ಕೂಡ ಇದೇ ಮನೆಯದು.

‘ಎಂಜಾಯ್’ ಬೇರೆ ಬಳ್ಳಿ. ಅದರೊಳಗಿನ ‘ಜಾಯ್’ ಲ್ಯಾಟಿನ್‌ನ ‘ಗೌಡೆರೆ’, ಅಂದರೆ ಸಂತೋಷಪಡು ಎಂಬುದರಿಂದ ಬಂದದ್ದು. ಬಳಕೆಯಲ್ಲೂ ವ್ಯತ್ಯಾಸ ಇದೆ. ಒಂದು ಆಟವನ್ನೋ ಸಂಜೆಯನ್ನೋ ‘ಎಂಜಾಯ್’ ಮಾಡಬಹುದು, ಮೆಲ್ಲಗೆ, ಸಾಧಾರಣವಾಗಿ. ‘ಡಿಲೈಟ್’ ಅದಕ್ಕಿಂತ ಜಾಸ್ತಿ ಖುಷಿ.

ಹಳೆಗನ್ನಡಿ:
ಅನುವಾದಕ್ಕೆ ‘ಹಿಗ್ಗು’ ನೋಡಿ. ಹಿಗ್ಗುವುದು ಅಂದರೆ ಅಗಲವಾಗುವುದು, ಸಂತೋಷಪಡುವುದೂ ಹೌದು. ‘ಆನಂದಗೊಂಡಳು’ ಬೇಡ, ಮಕ್ಕಳ ಬಾಯಿಗೆ ಭಾರ.

ಪದಹುಡುಕಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಿಗ್ಗು, ಸೆಳೆತ ಎರಡೂ ಬೇಕು ಅನಿಸಿತು. ಬೆಳಕಿನ ಸಾಲು ಬಿಡುವಾಗ ಸ್ವಲ್ಪ ನೋವಾಯಿತು, ಆದರೂ ಹೊಡೆದುಹಾಕಿದೆ. ಈಗ ಹೀಗೆ ಬರೆದಿದ್ದೇನೆ: ‘ಅಜ್ಜಿ ಹಿಗ್ಗಿದಳು. ಎಷ್ಟು ಹೊತ್ತಾದರೂ ಆ ಚಿತ್ರದಿಂದ ಕಣ್ಣು ಕೀಳಲೇ ಇಲ್ಲ.’